ಕೆಂಪು ಸೀಮೆಸುಣ್ಣ

ಮೊದಲ ಏಟು ಕೆನ್ನೆಗೆ ಬಿದ್ದಾಗ ಚೆಲುವರಾಜು ನಕ್ಕುಬಿಟ್ಟ. ತಮಾಷೆಗೆ ಹೊಡೆದರೆಂದುಕೊಂಡನೇನೋ, ಪಾಪ. ಎರಡನೆಯದಕ್ಕೆ ಕನ್ನಡಕ ಹಾರಿ ಚರಂಡಿಗೆ ಬಿತ್ತು.

ರಸ್ತೆಯ ಈಚೆ, ಬಸ್ಸು ನಿಲ್ಲುವ ಜಾಗದಲ್ಲಿ ನಿಂತಿದ್ದ ಮಹೇಶ್‌ಕುಮಾರ್ ಎಲ್ಲವನ್ನೂ ನೋಡಿದ. ನೋಡುವುದೇ ಅವನ ಕಸುಬು. ಮೈಸೂರಿನಲ್ಲಿ ಎಂ.ಎ. ವಿದ್ಯಾರ್ಥಿಗಳಿಗೆ ಊರು ನೋಡುವುದನ್ನು ಕಲಿಸುವ ಮೇಷ್ಟ್ರು ಅವನು. ಬೀದಿ ಯಾಕೆ ಹೀಗೆ ತಿರುಗಿತು, ಅಂಗಡಿ ಎಲ್ಲಿ ಮುಗಿದು ಮನೆ ಎಲ್ಲಿ ಶುರುವಾಯಿತು, ಜಗಲಿಯ ಮೇಲೆ ಯಾರು ಕೂರುತ್ತಾರೆ, ಯಾರು ಕೂರುವುದಿಲ್ಲ. ನೋಡುವವನು ನಡುವೆ ಹೋಗಬಾರದು, ಹೋದರೆ ನೋಟ ಕೆಡುತ್ತದೆ ಎಂಬುದು ಅವನ ಮೊದಲ ಪಾಠ.

ಈ ದಿನ ಇಬ್ಬರನ್ನು ಹುಣಸೂರಿಗೆ ಕರೆತಂದಿದ್ದ: ಚೆಲುವರಾಜು, ಇಕ್ರಾ. ಎಣಿಸಿದ ಮನೆಯನ್ನೇ ಮತ್ತೆ ಎಣಿಸದಿರಲಿ ಎಂದು ಗೋಡೆಗೆ ಗುರುತು ಹಾಕಲು ಹೇಳಿದ್ದ. ಪೋಲಿಯೋ ಹನಿಯವರು ಹಾಕುವುದಿಲ್ಲವೆ, ಹಾಗೆ. ಸುಣ್ಣದ ಗೋಡೆಯ ಮೇಲೆ ಬಿಳಿ ಕಾಣದೆಂದು ಕೆಂಪು ಸೀಮೆಸುಣ್ಣ ಕೊಟ್ಟವನೂ ಅವನೇ.

"ಯಾರಾದ್ರೂ ಕೇಳಿದ್ರೆ ಸರ್?" ಎಂದಿದ್ದ ಚೆಲುವರಾಜು.

"ಏನೂ ಹೇಳ್ಬೇಡ. ಗೊತ್ತಾದ್ರೆ ಜನ ಸಹಜವಾಗಿ ಇರೋಲ್ಲ."

ಹಿಂದಿನ ವಾರವಷ್ಟೇ ಪಕ್ಕದ ಬೀದಿಯ ಗೋಡೆಗಳಿಗೆ ಕೆಂಪು ಗೀಟು ಬಿದ್ದಿತ್ತು. ಮಾರನೆಯ ದಿನ ರಸ್ತೆ ಅಗಲ ಮಾಡಲು ಜೆಸಿಬಿ ಬಂದಿತ್ತು. ಅಲ್ಲಿನ ಮನೆಗಳಿಗೆ ಈಗ ಮುಂಗೋಡೆಯಿಲ್ಲ. ಬೆಳಗ್ಗೆ ಅದರ ಫೋಟೋ ತೆಗೆದುಕೊಂಡು, "ಅಡುಗೆಮನೆವರೆಗೂ ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ" ಎಂದಿದ್ದ ಮಹೇಶ್‌ಕುಮಾರ್. ಆಗಲಾದರೂ ಬುದ್ಧಿ ಓಡಬೇಡವೆ?

"ಹಿಡ್ಕಳಿ ಹಬೀಬಣ್ಣ, ಬುಡಬ್ಯಾಡಿ! ನಮ್ಮನೆ ಗ್ವಾಡೆಗೂ ಬರ್ದವ್ನೆ!" ಹೂ ಕಟ್ಟುತ್ತಿದ್ದ ಭದ್ರಮ್ಮ ಬುಟ್ಟಿ ಒದ್ದು ಎದ್ದಳು. ಹಾಸಿಗೆ ಹೊಲಿಯುವ ಹಬೀಬ್, ಹತ್ತಿ ಬಡಿಯುವ ಕೋಲಿನಿಂದಲೇ ಬಡಿಯುತ್ತಿದ್ದ. "ಯಾವನ್ಲಾ ನಿನ್ನ ಕಳಿಸ್ದೋನು? ಬೊಗಳ್ಲಾ!" ಕ್ಷೌರದ ಅಂಗಡಿಯವನು ಹುಡುಗನ ಕೂದಲು ಹಿಡಿದು ತಲೆಯನ್ನು ಅದೇ ಗೋಡೆಗೆ ಗುದ್ದಿದ. ಬೀದಿಯ ಒಗ್ಗಟ್ಟಿನ ಬಗ್ಗೆ ಮಹೇಶ್‌ಕುಮಾರ್ ವರ್ಷವರ್ಷವೂ ಪಾಠ ಮಾಡುತ್ತಿದ್ದ. ಕಣ್ಣಾರೆ ಕಂಡದ್ದು ಇದೇ ಮೊದಲು.

ಚೆಲುವರಾಜು ರಕ್ತ ಉಗಿದ. ಒಮ್ಮೆ ಈ ಕಡೆ ನೋಡಿದ. ಬಾಯಿ ಬಿಡಲಿಲ್ಲ. ಮೇಷ್ಟ್ರು ಹೇಳಬೇಡ ಎಂದಿದ್ದರಲ್ಲ.

"ಸರ್, ನಾನೇ ಹೇಳಿದ್ದು ಅಂತ ಹೋಗಿ ಹೇಳಿ ಸರ್," ಪಕ್ಕದಲ್ಲಿದ್ದ ಇಕ್ರಾ ಮೇಷ್ಟ್ರ ತೋಳು ಹಿಡಿದು ಅಲುಗಿಸಿದಳು. "ಒಂದೇ ಮಾತು."

"ಪೊಲೀಸರಿಗೆ ಫೋನ್ ಮಾಡೋಣ."

"ಅಷ್ಟರಲ್ಲಿ ಸಾಯ್ತಾನೆ!"

"ಸ್ವಲ್ಪ ಇರು. ತಣ್ಣಗಾಗ್ಲಿ."

ಇಕ್ರಾ ಅವನ ಮುಖವನ್ನು ದಿಟ್ಟಿಸಿದಳು. ಆಮೇಲೆ ರಸ್ತೆ ದಾಟಿ ಓಡಿದಳು.

ಅವನಿಗೆ ಹೇಸಿಗೆಯಾಯಿತು, ತನ್ನ ಮೇಲೆಯೇ. ಆದರೆ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಬೇರೆ ಬೀದಿಯಿಂದ ಎಳನೀರು ಕೊಚ್ಚುವ ಮಚ್ಚು ಹಿಡಿದು ಓಡಿಬಂದವನೊಬ್ಬ ಎದುರಿಗೆ ನಿಂತ.

"ಅವ್ನ ಜೊತೆಯೋರಾ ನೀವು?"

"ಇಲ್ಲಪ್ಪ. ಬಸ್ಸಿಗೆ ಕಾಯ್ತಿದೀನಿ."

"ಎಲ್ಲಿಗೆ?"

"ಕೋಟೆಗೆ." ಹೆಗ್ಗಡದೇವನಕೋಟೆಯಲ್ಲಿ ಅವನಿಗೆ ನಾಯಿಯ ಪರಿಚಯವೂ ಇರಲಿಲ್ಲ.

"ಬಂತಲ್ಲ ಸಾ, ನಿಮ್ ಬಸ್ಸು!" ಅವನು ಮಚ್ಚನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಅಡ್ಡಹಾಕಿದ. "ತಡೀರಿ, ಸಾಹೇಬ್ರು ಹತ್ಬೇಕು." ಮೊಣಕೈ ಹಿಡಿದು, ವಯಸ್ಸಾದವರನ್ನು ಹತ್ತಿಸುವಂತೆ ಹತ್ತಿಸಿದ. ಎಷ್ಟು ಮರ್ಯಾದೆ!

ಆಚೆ ಬದಿಯ ಕಿಟಕಿಯಿಂದ ಅವನಿಗೆ ಕಂಡಿತು: ಇಕ್ರಾ ಚೆಲುವರಾಜುವಿನ ಮೇಲೆ ಬಿದ್ದು ತನ್ನ ಬೆನ್ನಿಗೆ ಏಟು ತಿನ್ನುತ್ತಿದ್ದಳು. "ನಮ್ ಸರ್ ಹೇಳಿದ್ದು! ಅಲ್ಲಿದ್ದಾರೆ, ಅವರನ್ನೇ ಕೇಳಿ!" ಎಂದು ಬೆರಳು ಚಾಚಿದಳು. ಏಟು ನಿಂತಿತು. ಜನವೆಲ್ಲ ತಿರುಗಿ ರಸ್ತೆಯ ಈಚೆ ನೋಡಿದರು. ಅಲ್ಲಿ ಬಸ್ಸು ಬಿಟ್ಟರೆ ಯಾರೂ ಇರಲಿಲ್ಲ.

"ಸುಳ್ ಬೇರೆ ಯೋಳ್ತೀಯಾ?" ಯಾರೋ ಅರಚಿದರು. ಮಚ್ಚಿನವನು ಆಗ ರಸ್ತೆ ದಾಟುತ್ತಿದ್ದ. ಬಸ್ಸು ಹೊರಟಿತು.

"ಏನ್ಸಾ ಗಲಾಟೆ?" ಸೀಟಿನಲ್ಲಿದ್ದ ಮುದುಕ ಕೇಳಿದ.

"ಯಾರೋ ಕಳ್ಳರಂತೆ."

"ಇನ್ನೂ ನಾಕು ಬಿಗೀಬೇಕು ಬುಡಿ ಅಂತೋರ್ಗೆ. ಬನ್ನಿ, ಕಿಟಕಿ ತಾವ ಕೂತ್ಕಳಿ." ಮುದುಕ ಕಾಲು ಮಡಚಿ ದಾರಿ ಬಿಟ್ಟ.

ಕಿಟಕಿಯ ಗಾಜು ಎಂದೋ ಒಡೆದು, ಆ ಜಾಗಕ್ಕೆ ತಗಡು ಹೊಡೆದಿದ್ದರು. ಮಹೇಶ್‌ಕುಮಾರ್ ಅದರತ್ತ ಮುಖ ಮಾಡಿ ಕುಳಿತ. ಊರು ದಾಟುವವರೆಗೂ ತಗಡನ್ನೇ ನೋಡುತ್ತಿದ್ದ.