ನಲವತ್ತೊಂದು ಜೊತೆ ಕಣ್ಣು

ಕಾರ್ಡಿನ ಕಚೇರಿಯ ಮೆಟ್ಟಿಲನ್ನು ಟಚಿಂಗ್ ಅಕ್ಕ ಹತ್ತಿದ್ದು ಅದು ಆರನೇ ಸಲ. ಫೋಟೋ ಸ್ಟುಡಿಯೋದ ಮೂಲೆಯಲ್ಲಿ ಕೂತು ಊರವರ ಮುಖದ ಮೊಡವೆ, ಕಲೆ, ಸುಕ್ಕು ಅಳಿಸುತ್ತ ಇಪ್ಪತ್ತು ವರ್ಷ ಕಳೆದವಳಿಗೆ ಆ ಹೆಸರು ಅಂಟಿಕೊಂಡಿತ್ತು. ಮತದಾರರ ಕಾರ್ಡಿಗೆ ವಿಳಾಸದ ಕಾಗದ ತಾ, ವಿಳಾಸದ ಕಾಗದಕ್ಕೆ ಕಾರ್ಡು ತಾ ಎಂದು ಐದು ಸಲ ಅಲೆಸಿದ್ದರು. ಅವಳೂ ಜಗ್ಗುವವಳಲ್ಲ. ಚುನಾವಣೆಗೆ ನಿಂತ ಕಂಟ್ರಾಕ್ಟರ್, ಗೆದ್ದರೆ ಅವಳ ಓಣಿ ಒಡೆದು ರಸ್ತೆ ಮಾಡುತ್ತೇನೆಂದು ಮೈಕಿನಲ್ಲೇ ಸಾರುತ್ತಿದ್ದ. ಹೋದ ಸಲ ಅವನು ಸೋತದ್ದು ಬರೀ ಹನ್ನೆರಡು ವೋಟಿಗೆ.

ಗುಮಾಸ್ತ ಅವಳ ಫೋಟೋ ತೆಗೆದ. ಪರದೆ ಕೆಂಪಾಯಿತು.

"ಅಮ್ಮಾ, ನಿಮ್ಮ ಕಣ್ಣು ಆಗಲೇ ಲಿಸ್ಟಲ್ಲಿದೆ."

"ನನ್ನ ಕಣ್ಣು ನನ್ನ ಮುಖದಲ್ಲೇ ಇದೆಯಲ್ಲ ಸಾರ್."

"ನಲವತ್ತೊಂದು ಕಡೆ ಇದೆ. ನೀವೇ ನೋಡಿ."

ಪರದೆ ತಿರುಗಿಸಿದ. ಅವಳ ಓಣಿಯ ಇಸ್ತ್ರಿ ಅಣ್ಣ, ಕಸ ಗುಡಿಸುವ ಚಿಕ್ಕಮ್ಮ, ಮೂಟೆ ಹೊರುವವರು ಸಾಲುಸಾಲಾಗಿ ಕೂತಿದ್ದರು. ಎಲ್ಲರೂ ಅವಳ ಕಣ್ಣಿನಿಂದ ಅವಳನ್ನೇ ದಿಟ್ಟಿಸುತ್ತಿದ್ದರು.

ಅವಳಿಗೆ ಸ್ಟುಡಿಯೋ ನೆನಪಾಯಿತು. ಫ್ಲಾಶ್ ಹೊಡೆದೊಡನೆ ಕಣ್ಣು ಮುಚ್ಚುವವರು ಬಹಳ. ಮುಚ್ಚಿದ ಕಣ್ಣಿನ ಫೋಟೋ ಕಚೇರಿಗೆ ಆಗದು. ದಿನದ ಕೆಲಸ ಬಿಟ್ಟು ಬಂದವರಿಗೆ ನಾಳೆ ಬಾ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ತನ್ನದೇ ಹಳೆಯ ಫೋಟೋದಿಂದ ಎರಡು ಕಣ್ಣು ಕತ್ತರಿಸಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದಳು. ಬೇಕಾದವರ ಮುಖಕ್ಕೆ ಕೂರಿಸಿ ಕಳಿಸುತ್ತಿದ್ದಳು. ಎಡಗಣ್ಣಿನ ಬಿಳಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಊರಿನ ಕಲೆಯೆಲ್ಲ ಅಳಿಸಿದವಳಿಗೆ ತನ್ನದೊಂದು ಕಂಡಿರಲಿಲ್ಲ.

"ಇವು ನನ್ನವು ಅಂತ ಬರೆದುಕೊಡಿ," ಎಂದ ಗುಮಾಸ್ತ. "ಅವರ ಕಾರ್ಡೆಲ್ಲ ರದ್ದು. ನಿಮ್ಮದು ಸಂಜೆಗೇ ಕೈಗೆ."

ಒಂದು ವೋಟಿಗೆ ನಲವತ್ತೊಂದು. ಅದೂ ತನ್ನ ಓಣಿಯವರವು.

"ನನ್ನವಲ್ಲ ಸಾರ್."

"ಮತ್ತೆ ಯಾರದ್ದು ಹಾಕ್ಕೊಂಡು ಬಂದಿದ್ದೀರಿ?"

ಅವನು ನಗಲಿಲ್ಲ. 'ಅರ್ಜಿದಾರರ ಕಣ್ಣು ಬೇರೆಯವರದು' ಎಂದು ಬರೆದು 'ತಿರಸ್ಕೃತ' ಠಸ್ಸೆ ಒತ್ತಿದ.

ಮತದಾನದ ದಿನ ಅವಳು ಶಾಲೆಯ ಗೇಟಿನ ಹೊರಗೆ ನಿಂತಳು. ಒಳಗೆ ಸಾಲಿನಲ್ಲಿದ್ದ ಇಸ್ತ್ರಿ ಅಣ್ಣ ಕೈ ಬೀಸಿದ.

"ಅಕ್ಕಾ, ಏನು ಕಣ್ಣು ಕೊಟ್ಟಿದ್ದೀಯಾ! ಗೇಟಲ್ಲಿ ಕಾರ್ಡು ನೋಡಿದ್ರು, ಮುಖ ನೋಡಿದ್ರು, ಒಂದೇ ಏಟಿಗೆ ಪಾಸು."

ಅವನದು ಬೆಕ್ಕಿನ ಕಣ್ಣು. ನಿನ್ನೆಯವರೆಗೂ ಹಾಗೇ ಇತ್ತು. ಇವತ್ತು ಕಪ್ಪಗಿತ್ತು, ಎಡಗಡೆ ಚುಕ್ಕೆ. ಅವನ ಹಿಂದೆ ನಿಂತ ಚಿಕ್ಕಮ್ಮನಿಗೂ ಚುಕ್ಕೆ. ಕಾರ್ಡು ತಿದ್ದುವುದು ಕಷ್ಟ, ಮನುಷ್ಯರನ್ನು ತಿದ್ದುವುದು ಸುಲಭ ಎಂದು ಯಾರೋ ತೀರ್ಮಾನಿಸಿದಂತಿತ್ತು.

"ವೋಟು ಯಾರಿಗಣ್ಣಾ?" ಅವಳು ಗೇಟಿನಿಂದಲೇ ಕೇಳಿದಳು.

"ಕಂಟ್ರಾಕ್ಟರು ಹೊಸ ಇಸ್ತ್ರಿಪೆಟ್ಟಿಗೆ ಕೊಡ್ತೀನಿ ಅಂದವ್ರೆ ಕಣಕ್ಕಾ."

"ಪೆಟ್ಟಿಗೆ ಇಡೋಕೆ ಮನೆ ಎಲ್ಲಿರುತ್ತೋ, ಪುಣ್ಯಾತ್ಮ!"

ಅವನು ನಗುತ್ತ ಒಳಹೋದ. ಅವಳಿಗೆ ತಲೆ ತಿರುಗಿತು. ಗೇಟು ಹಿಡಿದು ಕಣ್ಣು ಮುಚ್ಚಿದಳು.

ಕತ್ತಲೆ ಬರಲಿಲ್ಲ. ರಟ್ಟಿನ ಮರೆ ಕಂಡಿತು, ಅದರ ಹಿಂದೆ ಮತಯಂತ್ರ, ಸಾಲಾಗಿ ಗುಂಡಿಗಳು. ಇಸ್ತ್ರಿಯ ಸುಟ್ಟ ಗಾಯವಿದ್ದ ಬೆರಳೊಂದು ಕಂಟ್ರಾಕ್ಟರನ ಗುರುತಿನತ್ತ ಸರಿಯುತ್ತಿತ್ತು. ತನ್ನ ಬೆರಳೆಂಬಂತೆ ಅದನ್ನು ಹಿಂದಕ್ಕೆಳೆಯಲು ನೋಡಿದಳು. ಗೇಟಿನ ಕಂಬಿ ಮೇಲಿದ್ದ ಅವಳ ಕೈ ಮಾತ್ರ ಅಲುಗಿತು.

"ಅಣ್ಣಾ, ಅದಲ್ಲ!"

"ಏನಮ್ಮಾ, ಕಣ್ಣು ಮುಚ್ಕೊಂಡು ಯಾರಿಗೆ ಕೂಗ್ತೀಯಾ?" ಪೊಲೀಸಿನವನು ಗದರಿದ.

ಒಳಗಿನಿಂದ ಬೀಪ್ ಎಂದಿತು. ಸುಟ್ಟ ಬೆರಳು ಸರಿದು, ಪೊರಕೆ ಹಿಡಿದು ಜಡ್ಡುಗಟ್ಟಿದ ಕೈಯೊಂದು ಬಂತು. ಇನ್ನೂ ನಲವತ್ತು ಜನ ಬಾಕಿ ಇದ್ದರು.