ಕಣ್ಣೀರಿನ ಕಾರ್ಯದರ್ಶಿ

ಭಾನುವಾರ ಬೆಳಿಗ್ಗೆ ಇಡ್ಲಿಯ ಮೊದಲ ತುತ್ತು ಬಾಯಿಗಿಟ್ಟ ಹಯಗ್ರೀವರು ಬಿಕ್ಕಿ ಬಿಕ್ಕಿ ಅತ್ತರು. ಹೆಂಡತಿ ರಮಾಮಣಿ ಎದ್ದು, ಮುಂಬಯಿ ಬಳಿಯ ಡೊಂಬಿವಲಿಯ ಆ ಮೂರನೇ ಮಹಡಿಯ ಮನೆಯ ಕಿಟಕಿ ಮುಚ್ಚಿದರು.

“ಇಡ್ಲಿ ಚೆನ್ನಾಗಿದೆ ಕಣೇ,” ಎಂದರು ಹಯಗ್ರೀವರು, ಅಳುತ್ತಲೇ.

ಎಂಟು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಕೈಕಾಲು ಸುಧಾರಿಸಿದರೂ ಈ ಅಳು ಉಳಿಯಿತು. ಮನಸ್ಸಿನಲ್ಲಿ ದುಃಖವಿಲ್ಲದಿದ್ದರೂ ಅಳು ಬರುತ್ತದೆ, ತಡೆಯುವುದು ಅವರ ಕೈಲಿಲ್ಲ, ಬುದ್ಧಿಗೇನೂ ಆಗಿಲ್ಲ ಎಂದು ಡಾಕ್ಟರು ವಿವರಿಸಿದ್ದರು. ಔಷಧಿಯಿಂದ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಕಣ್ಣು ಕೆಂಪಾದುದನ್ನು ಕಂಡು ಕೇಳಿದ ನೆರೆಯವರಿಗೆಲ್ಲ ರಮಾಮಣಿ “ಶೀತ” ಎನ್ನುತ್ತಿದ್ದರು. ಹನ್ನೆರಡು ವರ್ಷ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯಾಗಿ ಓಡಾಡಿದ್ದ ಮನುಷ್ಯ ಈಗ ಹೆಸರಿಗಷ್ಟೇ ಕಾರ್ಯದರ್ಶಿ, ಹೊಸಿಲು ದಾಟುವುದೇ ಅಪರೂಪ.

ಅಂದು ಸೊಸೈಟಿಯ ಮೀಟಿಂಗ್; ಮುಖ್ಯ ವಿಷಯ ಕಟ್ಟಡದ ಗೋಡೆಗಳಲ್ಲಿ ನೀರಿನ ಸೋರಿಕೆ. ಸ್ಟೇಷನ್ ಬಳಿ ಹೋಟೆಲ್ ನಡೆಸುವ ಉಡುಪಿಯ ವಿಷ್ಣುಮೂರ್ತಿ ಅದರ ಅಧ್ಯಕ್ಷರು. ಅವರೇ ಮೇಲೆ ಬಂದರು.

“ಮೊನ್ನೆ ಲಿಫ್ಟಿನಲ್ಲಿ ಅತ್ತಿರಂತೆ. ಮೀಟಿಂಗಿನಲ್ಲೂ ಹಾಗಾದ್ರೆ ಜನ ನಗ್ತಾರೆ ಮಾರಾಯ್ರೆ, ನಂಗೆ ಬೇಜಾರಾಗ್ತದೆ. ಬೇರೆ ಕಾರ್ಯದರ್ಶಿ ಮಾಡುವ.”

“ನನಗೂ ಅದೇ ಸರಿ ಅನ್ಸತ್ತೆ,” ಎಂದರು ರಮಾಮಣಿ.

ಹಯಗ್ರೀವರು ಹೆಂಡತಿಯ ಕಡೆ ತಿರುಗಿದರು. “ಅಳು ನನಗೆ ಅಷ್ಟು ಕಷ್ಟ ಕೊಡ್ತಿಲ್ಲ ಕಣೇ. ನೀನು ಓಡಿಹೋಗಿ ಕಿಟಕಿ ಮುಚ್ತೀಯಲ್ಲ, ಅದು ಕೊಡತ್ತೆ.”

ರಮಾಮಣಿ ಒಳಗೆ ಹೋಗಿ ಗಂಡನ ಇಸ್ತ್ರಿ ಮಾಡಿದ ಅಂಗಿ ತಂದುಕೊಟ್ಟರು.

ಕೆಳಗೆ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿದ್ದರು. ಸೋರಿಕೆ ನಿಲ್ಲಬೇಕಾದರೆ ಎಲ್ಲರ ಬಾತ್‌ರೂಮಿನ ಗೋಡೆಯನ್ನೂ ಒಡೆಯಬೇಕು ಎಂದ ಕಂಟ್ರಾಕ್ಟರ್. ಹಯಗ್ರೀವರು ಎದ್ದು ನಿಂತರು. “ಒಡೀಬೇಡಿ. ಹಳೇ ಪೈಪಿನ ಜೋಡಣೆ...” ಅಷ್ಟರಲ್ಲಿ ಅಳು ನುಗ್ಗಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ರಮಾಮಣಿ ಎದ್ದರು. ತಮ್ಮ ತೊದಲು ಮರಾಠಿಯಲ್ಲೇ ಹೇಳಿದರು: “ಶೀತ ಅಂತ ನಾನು ಸುಳ್ಳು ಹೇಳ್ತಿದ್ದೆ. ಇದು ಸ್ಟ್ರೋಕಿನಿಂದ ಬರೋ ಅಳು. ಇವರಿಗೆ ದುಃಖವೇನಿಲ್ಲ. ಬಾತ್‌ರೂಮಿನ ಪೈಪಿಗೋಸ್ಕರ ಯಾರಾದ್ರೂ ಅಳ್ತಾರಾ? ಒಂದು ನಿಮಿಷ ಕಾಯಿರಿ.”

ಎಲ್ಲರೂ ಗೊಳ್ಳೆಂದರು. ಅಳುತ್ತಿದ್ದ ಹಯಗ್ರೀವರೂ ನಕ್ಕರು. ಎರಡನೇ ಮಹಡಿಯ ಕಾಲೇಜು ಹುಡುಗಿ ಸಂಜನಾ, “ಅಂಕಲ್, ಆರಾಮ್ ಸೇ. ಹಮ್ ಬೈಠೇ ಹೈಂ,” ಎಂದಳು, ನಿಧಾನವಾಗಿ ಹೇಳಿ, ನಾವು ಕೂತಿದ್ದೇವೆ ಎನ್ನುವಂತೆ.

ಕಾದರು. ಟೆರೇಸಿನ ಟ್ಯಾಂಕಿನ ಹಿಂದೆ ಜೋಡಣೆ ಎಲ್ಲಿದೆಯೆಂದು ಹಯಗ್ರೀವರು ಹೇಳಿದರು. ಕಂಟ್ರಾಕ್ಟರ್ ಹೋಗಿ ನೋಡಿ ಬಂದ; ಸೋರುತ್ತಿದ್ದುದು ಅಲ್ಲೇ. ಯಾರ ಗೋಡೆಯನ್ನೂ ಮುಟ್ಟಬೇಕಾಗಿರಲಿಲ್ಲ.

ಮುಂದೆ ಸ್ಕೂಟರ್ ನಿಲ್ಲಿಸುವ ಜಾಗದ ಜಗಳ ಶುರುವಾಯಿತು. ನಡುವೆ ಹಯಗ್ರೀವರಿಗೆ ಮತ್ತೆ ಅಳು. ಈ ಸಲ ಯಾರೂ ತಿರುಗಿ ನೋಡಲಿಲ್ಲ. ವಿಷ್ಣುಮೂರ್ತಿ ಕಾರ್ಯದರ್ಶಿ ಬರೆಯಬೇಕಾದ ಮೀಟಿಂಗಿನ ನಡಾವಳಿ ಪುಸ್ತಕವನ್ನು ಅವರ ಮುಂದೆ ಸರಿಸಿದರು.

“ಅಳ್ತಾನೇ ಬರ್ಕೊಳ್ಳಿ ಮಾರಾಯ್ರೆ. ಹೋಟೆಲಿಗೆ ಹೋಗ್ಲಿಕ್ಕೆ ಉಂಟು ನಂಗೆ.”