ಬಾತಕ್ಕನ ನಡಿಗೆ

"ಏಯ್ ಬಾತಕ್ಕ! ಕುಂಡಿ ಅಲ್ಲಾಡಿಸ್ಕೊಂಡು ನಿಂತ್ರೆ ಹಲಗೆ ತಾನೇ ನಡ್ಕೊಂಡ್ ಹೋಗುತ್ತೇನೇ? ಕಾಲೆತ್ತಿ ಹಾಕು!"

ಮೇಸ್ತ್ರಿ ಕೂಗಿದ್ದು ನಮ್ಮ ದೊಡ್ಡಮ್ಮನಿಗೆ. ಸಾಬೂನು ಕಾರ್ಖಾನೆಯ ಅಂಗಳದಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವಳು ನಾನು. ಕಾಗದ ಸುತ್ತುವ ಮೇಜಿನ ಹಿಂದೆ, ಸ್ಟೂಲಿನ ಮೇಲೆ ಕೂತುಕೊಂಡು ನಕ್ಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ನಗದೆ ಇದ್ದರೆ ಯಾಕೆ ನಗಲಿಲ್ಲ ಅಂತ ಯಾರಾದರೂ ಕೇಳಿಯಾರೆಂದು ಭಯ.

ಬಾತಕ್ಕ ನಮ್ಮ ಸಾಬೂನಿನ ಹೊದಿಕೆಯ ಮೇಲಿರುವ ಬಿಳಿ ಬಾತುಕೋಳಿ. ಮೊದಲು ಜಾಹೀರಾತಿನಲ್ಲಿ ಅರ್ಧ ನಿಮಿಷ ಬಂತು, ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಟಿವಿಯಲ್ಲಿ ಅದಕ್ಕೇ ಒಂದು ಧಾರಾವಾಹಿ ಶುರುವಾಯಿತು, ಭಾನುವಾರ ಬೆಳಿಗ್ಗೆ ಅರ್ಧ ಗಂಟೆ. ಈಗ ಮಕ್ಕಳ ಚೀಲದ ಮೇಲೆ, ಪೆನ್ಸಿಲ್ ಡಬ್ಬಿಯ ಮೇಲೆ, ಚಡ್ಡಿಯ ಮೇಲೆ ಕೂಡ ಅದೇ. ಎರಡೂ ಪಾದ ಹೊರಕ್ಕೆ ತಿರುಗಿಸಿಕೊಂಡು, ಒಂದು ಕಾಲು ಎಳೆಯುತ್ತ, ಒಂದು ರೆಕ್ಕೆಯನ್ನು ಸೊಂಟಕ್ಕೆ ಒತ್ತಿಕೊಂಡು ನಡೆಯುತ್ತದೆ. ಎಲ್ಲಾದರೂ ಕುಕ್ಕರಿಸಿದರೆ "ಇಳೀತಪ್ಪಾ ಭೂಮಿಭಾರ!" ಅನ್ನುತ್ತದೆ. ಅಷ್ಟಕ್ಕೇ ಮಕ್ಕಳು ಕೇಕೆ ಹಾಕುತ್ತವೆ.

ಆ ನಡಿಗೆ ದೊಡ್ಡಮ್ಮನದು. ಆ ಮಾತೂ ಅವಳದೇ. ಕೊಟ್ಟವಳು ನಾನು.

ನಮ್ಮ ಕಾರ್ಖಾನೆಯಲ್ಲಿ ಕತ್ತರಿಸಿದ ಹಸಿ ಸಾಬೂನನ್ನು ಉದ್ದನೆಯ ಹಲಗೆಯ ಮೇಲೆ ಜೋಡಿಸಿ ಒಣಗಿಸುವ ಕೋಣೆಗೆ ಒಯ್ಯಬೇಕು. ಹಲಗೆಯ ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು, ಮುಖಾಮುಖಿ. ನೆಲದ ತುಂಬ ಸಾಬೂನಿನ ನೀರು. ಪಾದ ಹೊರಕ್ಕೆ ತಿರುಗಿಸಿ ಊರದಿದ್ದರೆ ಜಾರಿ ಬೀಳುವುದೇ. ಕಿರಿಯಳು ಹಿಮ್ಮುಖವಾಗಿ ನಡೆಯಬೇಕೆಂಬುದು ನಮ್ಮ ಹೆಂಗಸರ ರೂಢಿ. ಹಾಗಾಗಿ ಏಳು ವರ್ಷ ನಾನು ಹಿಂದೆ ಹಿಂದೆ ಹೋದೆ, ದೊಡ್ಡಮ್ಮ ಮುಂದೆ ಮುಂದೆ ಬಂದಳು. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು, ಕೆಲಸಕ್ಕೆ ಸೇರಿಸಿದವಳು ಅವಳು, ಗಂಡ ಬಿಟ್ಟುಹೋದಾಗ ಮಗಳ ಸಮೇತ ತನ್ನ ಕೋಣೆಗೆ ಕರೆದುಕೊಂಡವಳೂ ಅವಳೇ. ಒಂದು ದಿನ ಜಾರಿದಳು. ತುಂಬಿದ ಹಲಗೆ ಸೊಂಟದ ಮೇಲೆ ಬಿತ್ತು. ಮೇಸ್ತ್ರಿ ಮೊದಲು ಸಾಬೂನು ಎತ್ತಿಸಿದ, ಆಮೇಲೆ ಅವಳನ್ನು. ನಾಲ್ಕನೇ ದಿನ ಮತ್ತೆ ಹಲಗೆ ಹಿಡಿದಳು. ಆ ನಡಿಗೆ ಅಂದಿನದು.

ನನಗೆ ಅಣಕಿಸುವ ಚಟ. ಮೇಸ್ತ್ರಿ ಮೂಗಲ್ಲಿ ಬೆರಳು ಹಾಕಿ ಅದೇ ಬೆರಳಲ್ಲಿ ಬೆದರಿಸುವುದು, ಸಾಹೇಬರು ಹೊಟ್ಟೆ ಒಳಗೆಳೆದುಕೊಂಡು ಫೋಟೋಗೆ ನಿಲ್ಲುವುದು, ಎಲ್ಲವನ್ನೂ ಊಟದ ಹೊತ್ತಿನಲ್ಲಿ ಮಾಡಿ ತೋರಿಸುತ್ತಿದ್ದೆ. ದೊಡ್ಡಮ್ಮನನ್ನೂ ಮಾಡುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ. "ಹಾಳಾದೋಳೇ, ನನ್ ಕಾಲು ನಂಗೆ ವಾಪಸ್ ಕೊಡೇ, ಮನೆಗೆ ಹೋಗ್ಬೇಕು" ಅನ್ನುತ್ತಿದ್ದಳು. ನಮ್ಮ ನಮ್ಮಲ್ಲಿ ಅದು ಸಲುಗೆಯಾಗಿತ್ತು.

ನಾಲ್ಕು ವರ್ಷದ ಹಿಂದೆ ಕ್ಯಾಮೆರಾ ಹಿಡಿದು ಜಾಹೀರಾತಿನವರು ಇಬ್ಬರು ಬಂದರು. ಬಾತುಕೋಳಿಯ ಚಿತ್ರ ಬರೆದಾಗಿದೆ, ಹೇಗೆ ನಡೆಸಬೇಕೆಂದು ತೋಚುತ್ತಿಲ್ಲ ಅಂದರು. ಮೇಸ್ತ್ರಿ ನನ್ನ ಬೆನ್ನಿಗೆ ಕೈಹಾಕಿ ಮುಂದೆ ತಳ್ಳಿದ. "ಇವಳು ಚೆನ್ನಾಗಿ ಅಣಕಿಸ್ತಾಳೆ ಸಾರ್. ಏಯ್, ನಡ್ದು ತೋರ್ಸೇ."

ಬಾತುಕೋಳಿಯ ಹಾಗೆ ನಡೆಯಬಹುದಿತ್ತು. ಬಾತುಕೋಳಿಯನ್ನು ನಾನೇನು ಕಾಣದವಳೇ? ಆದರೆ ಜನ ಯಾವುದಕ್ಕೆ ನಗುತ್ತಾರೆಂಬುದು ನನಗೆ ಗೊತ್ತಿತ್ತು. ದೊಡ್ಡಮ್ಮನ ಹಾಗೆ ನಡೆದೆ. ಅವಳ ಹಾಗೆ ಕುಕ್ಕರಿಸಿ ಅವಳ ಮಾತು ಹೇಳಿದೆ. ಅವರಿಬ್ಬರೂ ಕಣ್ಣೀರು ಬರುವಷ್ಟು ನಕ್ಕರು. ನಾಲ್ಕು ಸಲ ನಡೆಸಿ ಕ್ಯಾಮೆರಾದಲ್ಲಿ ಹಿಡಿದುಕೊಂಡರು. ಮುಂದಿನ ಸೋಮವಾರ ನನ್ನನ್ನು ಹಲಗೆಯಿಂದ ಬಿಡಿಸಿ ಕಾಗದ ಸುತ್ತುವ ಸ್ಟೂಲಿಗೆ ಹಾಕಿದರು. ಅದೇ ಸ್ಟೂಲಿಗಾಗಿ ದೊಡ್ಡಮ್ಮ ಅಷ್ಟರಲ್ಲಾಗಲೇ ಎರಡು ಸಲ ಬೇಡಿಕೊಂಡಿದ್ದಳು. ಗೊತ್ತಿದ್ದೇ ಕೂತೆ. ನಾಚಿಕೆಯಾಯಿತು, ಕೂತ ಮೇಲೆ ಆಯಿತು.

ನನ್ನ ಮಗಳಿಗೆ ಆರು ವರ್ಷ. ಅವಳಿಗೆ ಬಾತಕ್ಕ ಅಂದರೆ ಪ್ರಾಣ. ಒಂದು ಭಾನುವಾರ ಟಿವಿ ಮುಂದಿನಿಂದ ಎದ್ದು ಬಂದು, "ದೊಡ್ಡಜ್ಜಿ, ನೀನು ಸೇಮ್ ಬಾತಕ್ಕ!" ಅಂದಳು. ಮೆಚ್ಚಿಕೊಂಡೇ ಹೇಳಿದ್ದು. ಮನೆಯಲ್ಲೇ ಬಾತಕ್ಕ ಇದ್ದಾಳೆಂದು ಸಾಲುಮನೆಗಳಿಗೆಲ್ಲ ಸಾರಿ ಬಂದಳು. ಮರುದಿನದಿಂದ ದೊಡ್ಡಮ್ಮ ನಲ್ಲಿಗೆ ಹೊರಟರೆ ಹಿಂದೆ ಏಳೆಂಟು ಮಕ್ಕಳು ಸಾಲಾಗಿ ಸೊಂಟ ಹಿಡಿದುಕೊಂಡು ಕಾಲೆಳೆಯುತ್ತ ನಡೆಯತೊಡಗಿದವು. ಒಂದು ವಾರ ನೋಡಿದಳು. ಆಮೇಲೆ, "ನೀರಿಗೆ ನೀನೇ ಹೋಗೇ, ನನ್ ಕೈಲಾಗಲ್ಲ" ಅಂದಳು. ಕಾರ್ಖಾನೆಯಲ್ಲಿ ದಿನಕ್ಕೆ ಅರವತ್ತು ಹಲಗೆ ಹೊರುವವಳಿಗೆ ಎರಡು ಕೊಡ ನೀರು ಕೈಲಾಗುವುದಿಲ್ಲವೇ? ನಾನು ಕೇಳಲಿಲ್ಲ. ಕೊಡ ಎತ್ತಿದೆ.

ಕಾರ್ಖಾನೆಗೆ ಇಪ್ಪತ್ತೈದು ತುಂಬಿತು. ಸಮಾರಂಭಕ್ಕೆ ಶಾಲೆಯ ಮಕ್ಕಳು ಬರುತ್ತಾರೆ, ಟಿವಿಯವರು ಬರುತ್ತಾರೆ ಅಂತ ಗಡಿಬಿಡಿ. ಸಮಾರಂಭದ ಹಿಂದಿನ ದಿನ ಸಾಹೇಬರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು.

"ಸ್ವಲ್ಪ ನಡೀಮ್ಮ, ನೋಡೋಣ."

ದೊಡ್ಡಮ್ಮ ಬಾಗಿಲಿನಿಂದ ಕಿಟಕಿಯವರೆಗೆ ನಡೆದಳು.

"ಇನ್ನೊಂದ್ಸಲ. ಸೀರೆ ಸ್ವಲ್ಪ ಎತ್ಕೊ, ಪಾದ ಕಾಣ್ಲಿ."

ಕಿಟಕಿಯಿಂದ ಬಾಗಿಲವರೆಗೆ ನಡೆದಳು. ಸಾಹೇಬರು ಮೇಜು ಕುಟ್ಟಿ ನಕ್ಕು, ಮೊಬೈಲು ಎತ್ತಿ ಹಿಡಿದರು. "ದೇವರಾಣೆ ಅದೇ ಕಣ್ರೀ! ಇಷ್ಟು ವರ್ಷ ನಮ್ಮಲ್ಲೇ ಇಟ್ಕೊಂಡು ನಮಗೇ ಗೊತ್ತಿಲ್ಲ."

ಬಾತಕ್ಕನ ವೇಷ ಹಾಕಲು ಹೊರಗಿನಿಂದ ತರಿಸಿದವನು ಗೂಳಿಯ ಹಾಗೆ ನಡೆಯುತ್ತಾನಂತೆ. ಹಾಗಾಗಿ ವೇಷದೊಳಗೆ ನಾನು. ನನ್ನ ಪಕ್ಕದಲ್ಲಿ ದೊಡ್ಡಮ್ಮ. "ಇವಳೇ ನಿಜವಾದ ಬಾತಕ್ಕ" ಅಂತ ಮೈಕಿನಲ್ಲಿ ಹೇಳುವುದು. ಇಬ್ಬರೂ ವೇದಿಕೆಯ ಮೇಲೆ ಒಂದೊಂದು ಸುತ್ತು ಹಾಕುವುದು.

"ಸಾಹೇಬ್ರೇ," ದೊಡ್ಡಮ್ಮ ಕೈ ಮುಗಿದಳು, "ಸೊಂಟ ತೀರಾ ಬಿದ್ದೋಗಿದೆ. ಕೂತು ಮಾಡೋ ಕೆಲ್ಸ ಏನಾದ್ರೂ..."

"ಮೊದ್ಲು ನಡಿ. ಕೂರೋದು ಆಮೇಲೆ ನೋಡೋಣ."

ಆ ಸಂಜೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ದೊಡ್ಡಮ್ಮನ ಸೊಂಟಕ್ಕೆ ಶಾಖ ಕೊಡುತ್ತಿದ್ದೆ. ಮಗಳು ಹೊರಗೆ ಆಡುತ್ತಿದ್ದಳು. ದೊಡ್ಡಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಆ ಬಾತುಕೋಳಿ ಎಡಗಾಲು ಎಳೆಯುತ್ತೆ, ನೋಡಿದ್ಯೇನೇ?" ಅಂದಳು.

ನಾನು ಬಟ್ಟೆ ಹಿಂಡುತ್ತಲೇ ಇದ್ದೆ.

"ನಂದು ಬಲಗಾಲು. ಎದುರಿಗೆ ನಿಂತು ಕಲ್ತೋರಿಗೆ ಕನ್ನಡೀಲಿ ಕಂಡಂಗೆ ಎಡ ಬಲ ಆಗುತ್ತೆ. ಏಳು ವರ್ಷ ನನ್ ಎದುರಿಗೆ ಇದ್ದಿದ್ದು ಯಾರೇ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೈಯಲ್ಲಿದ್ದ ಬಟ್ಟೆಯಿಂದ ಬಿಸಿನೀರು ನನ್ನ ತೊಡೆಯ ಮೇಲೆ ಸೋರುತ್ತಿತ್ತು. ಸೋರಲಿ ಅಂತ ಬಿಟ್ಟೆ.

"ಯಾವಾಗ ಗೊತ್ತಾಯ್ತು?"

"ಟಿವೀಲಿ ಬಂದ ಮೊದಲ್ನೇ ದಿನಾನೇ. ಎಲ್ರೂ ನಗ್ತಿದ್ರು, ನೀನೊಬ್ಳು ಟಿವಿ ನೋಡೋದು ಬಿಟ್ಟು ನನ್ ಮುಖ ನೋಡ್ತಿದ್ದೆ."

"ಬೈಬಾರ್ದಿತ್ತಾ ದೊಡ್ಡಮ್ಮ? ಕೆನ್ನೆಗೆರಡು ಬಿಡಬಾರ್ದಿತ್ತಾ?"

"ಬೈದಿದ್ರೆ ಸ್ಟೂಲು ಬಿಟ್ಟು ಮತ್ತೆ ಹಲಗೆಗೆ ಬಂದ್ಬಿಡ್ತಿದ್ದೆ, ಮೂದೇವಿ. ನಂದಂತೂ ಹೋಯ್ತು. ಮನೇಲಿ ಒಬ್ಬಳ ಸೊಂಟ ಆದ್ರೂ ನೆಟ್ಟಗಿರ್ಲಿ ಅಂತ ಸುಮ್ನಿದ್ದೆ."

ನಾನು ಹಲಗೆಗೆ ವಾಪಸು ಬರುತ್ತಿದ್ದೆನೋ ಇಲ್ಲವೋ ದೇವರಿಗೇ ಗೊತ್ತು. ನನ್ನ ಮೇಲೆ ನನಗಿಂತ ಅವಳಿಗೇ ನಂಬಿಕೆ ಜಾಸ್ತಿ.

"ನಾಳೆ ಬರಬೇಡ" ಅಂದೆ. "ಜ್ವರ ಅಂತ ಹೇಳ್ತೀನಿ."

"ಬರ್ದೇ ಇದ್ರೆ ನಿನ್ ಸ್ಟೂಲೂ ಹೋಗುತ್ತೆ, ನನ್ ಹಲಗೇನೂ ಹೋಗುತ್ತೆ. ಬರ್ತೀನಿ. ಇನ್ನೊಂಚೂರು ಬಿಸಿ ಹಾಕು, ತಣ್ಣಗಾಯ್ತು."

ಮರುದಿನ ವೇಷದೊಳಗೆ ಯಾರದೋ ಹಳೆಯ ಬೆವರಿನ ನಾತ. ತಲೆಯೇ ಒಂದು ಬುಟ್ಟಿ ಕಲ್ಲಿನಷ್ಟು ಭಾರ. ಕೊಕ್ಕಿನೊಳಗಿನ ಸೀಳಿನಲ್ಲಿ ಮಾತ್ರ ಹೊರಗೆ ಕಾಣುತ್ತದೆ. ಮೇಸ್ತ್ರಿ ಎರಡು ಮಾತು ಹೇಳಿ ಕಳಿಸಿದ. ಬಾತಕ್ಕ ಮಾತಾಡಕೂಡದು. ಮಕ್ಕಳೆದುರಿಗೆ ಸತ್ತರೂ ತಲೆ ತೆಗೆಯಕೂಡದು.

ಅಂಗಳದ ತುಂಬ ಮಕ್ಕಳು. ಕೆಲಸಗಾರರ ಮಕ್ಕಳನ್ನು ಮೊದಲ ಸಾಲಿನಲ್ಲಿ ನೆಲದ ಮೇಲೆ ಕೂರಿಸಿದ್ದರು, ಅದರಲ್ಲಿ ನನ್ನ ಮಗಳೂ ಇದ್ದಳು. ಒಳಗಿರುವುದು ನಾನೆಂದು ಅವಳಿಗೆ ಹೇಳಿರಲಿಲ್ಲ. ಹಾಡು ಹಾಕಿದರು. ನಾನು ನಡೆದೆ. ಹೌದು, ಅಷ್ಟೆಲ್ಲ ಕೇಳಿಸಿಕೊಂಡ ಮೇಲೂ ನಡೆದೆ. ಎಡಗಾಲು ಎಳೆದುಕೊಂಡು ಪೂರಾ ಒಂದು ಸುತ್ತು ಹಾಕಿದೆ. ಮಕ್ಕಳ ಕೇಕೆಗೆ ತಗಡಿನ ಸೂರು ಹಾರಿಹೋಗುವಂತಿತ್ತು.

"ಈಗ ನಿಜವಾದ ಬಾತಕ್ಕ!" ಅಂದರು ಸಾಹೇಬರು ಮೈಕಿನಲ್ಲಿ.

ದೊಡ್ಡಮ್ಮ ಮೂರು ಮೆಟ್ಟಿಲನ್ನು ಕೈಯೂರಿ ಹತ್ತಿದಳು. ವೇದಿಕೆಯಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮುಖ್ಯ ಅತಿಥಿ ಟಿವಿ ಕಂಪನಿಯ ದೊಡ್ಡ ಮನುಷ್ಯ, ಅವನೂ ಎದ್ದಿದ್ದ. ಅವನ ಮೆತ್ತೆ ಹಾಕಿದ ಕುರ್ಚಿ ಖಾಲಿಯಿತ್ತು. ದೊಡ್ಡಮ್ಮ ಹೋಗಿ ಅದರಲ್ಲಿ ಕೂತಳು.

ಸಾಹೇಬರು ನಕ್ಕರು. "ಏಳಮ್ಮ, ನಡಿ."

"ಇಲ್ಲ."

"ಏನಮ್ಮ?"

"ಇಪ್ಪತ್ತೆರಡು ವರ್ಷ ನಡೆದಿದೀನಿ ಸಾಹೇಬ್ರೇ. ಸಾಕು. ಕೂರ್ತೀನಿ."

ಅದು ಸಾಹೇಬರ ಕೈಯಲ್ಲಿದ್ದ ಮೈಕಿನಲ್ಲೇ ಕೇಳಿಸಿತು. ಮಕ್ಕಳು ಇದೂ ಆಟವೆಂದು ನಕ್ಕವು. ಅತಿಥಿ ಎಲ್ಲಿ ಕೂರಬೇಕೆಂದು ತಿಳಿಯದೆ ಹಾರ ಸರಿಮಾಡಿಕೊಳ್ಳುತ್ತ ನಿಂತಿದ್ದ. ಮೇಸ್ತ್ರಿ ನನ್ನ ಹಿಂದೆ ಬಂದು ಹಲ್ಲು ಕಚ್ಚಿ ಹೇಳಿದ. "ಎಬ್ಬಿಸೇ ಆ ಮುದಿ ಮುಂಡೇನ. ಕೈ ಹಿಡ್ದು ಎಳಿ. ಮಕ್ಳು ತಮಾಷೆ ಅಂದ್ಕೋತಾರೆ."

ಹತ್ತಿರ ಹೋಗಿ ರೆಕ್ಕೆ ಚಾಚಿದೆ. ದೊಡ್ಡಮ್ಮ ತಲೆಯೆತ್ತಿ ಕೊಕ್ಕಿನ ಸೀಳಿನಲ್ಲಿ ನನ್ನ ಕಣ್ಣು ಹುಡುಕಿದಳು. ಬೈಗುಳವೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ ಆ ನೋಟದಲ್ಲಿ. ತುಂಬಾ ದಣಿದಿದ್ದಳು, ಅಷ್ಟೇ.

ಅವಳ ಕೈ ಹಿಡಿಯಲಿಲ್ಲ. ಸುತ್ತಿ ಹಿಂದಕ್ಕೆ ಹೋದೆ. ಎರಡೂ ರೆಕ್ಕೆಗಳಿಂದ ಕುರ್ಚಿಯನ್ನು ಅವಳ ಸಮೇತ ತಬ್ಬಿಕೊಂಡು, ಕಾಲು ಅಗಲಿಸಿ ಊರಿ ನಿಂತೆ.

"ಬಿಡೇ ಲೌಡಿ!" ಮೇಸ್ತ್ರಿ ರೆಕ್ಕೆ ಹಿಡಿದು ಜಗ್ಗಿದ. "ನಾಳೆಯಿಂದ ಗೇಟೊಳಗೆ ಕಾಲಿಟ್ರೆ ಕಾಲು ಮುರೀತೀನಿ."

ಹೊಲಿಗೆ ಬಿಚ್ಚಿ ಒಂದು ರೆಕ್ಕೆಯಿಂದ ಹತ್ತಿ ಉದುರಿತು. ಇನ್ನೊಬ್ಬ ಬಂದು ಕುರ್ಚಿಯ ಕಾಲು ಎಳೆದ. ನಾನು ಬಿಡಲಿಲ್ಲ. ಕೆಳಗೆ ಮಕ್ಕಳು ತಾಳ ಹಾಕಿ ಚಪ್ಪಾಳೆ ತಟ್ಟತೊಡಗಿದವು. ಎಲ್ಲರಿಗಿಂತ ಗಟ್ಟಿಯಾಗಿ ನನ್ನ ಮಗಳು ಕೂಗುತ್ತಿದ್ದಳು, "ಬಿಡಬೇಡ ಬಾತಕ್ಕ! ಬಿಡಬೇಡ!"

ಸಾಹೇಬರು ಕೆಳಗಿಟ್ಟ ಮೈಕು ಎರಡು ಮಾರು ದೂರದಲ್ಲಿತ್ತು. ತಲೆ ಕಿತ್ತೆಸೆದು ಹೇಳಬೇಕಿತ್ತು, ಈ ನಡಿಗೆ ಯಾರದು, ಒಂದು ಸ್ಟೂಲಿಗೆ ಅದನ್ನು ಮಾರಿಕೊಂಡವಳು ಯಾರು ಅಂತ. ಕೊಕ್ಕಿನ ಸೀಳಿನಲ್ಲಿ ನೋಡಿದರೆ ಮೊದಲ ಸಾಲಿನಲ್ಲಿ ಮಗಳು ಎದ್ದು ನಿಂತಿದ್ದಳು. ಕುರ್ಚಿಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ತಲೆ ಮಾತ್ರ ತೆಗೆಯಲಿಲ್ಲ.